ಇಷ್ಟಕ್ಕೆಲ್ಲಾ ಯಾರಾದ್ರೂ ಅಳ್ತಾರಾ?

ಹೋದ ತಿಂಗಳು ಹಾಸನದಿಂದ ಬೆಂಗಳೂರಿಗೆ ಬರುವಾಗ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಂದು ಪುಟ್ಟ ಹುಡುಗ ಇದ್ದ. ಮೂರೋ ನಾಲ್ಕೋ ವರ್ಷ. ಚನ್ನರಾಯಪಟ್ಟಣದಲ್ಲಿ ಬಸ್ಸು ನಿಂತಾಗ ಅವನ ಕೈಯಲ್ಲಿದ್ದ ಬಿಸ್ಕೆಟ್ಟು ಮುರಿದು ಎರಡಾಯಿತು. ಅಷ್ಟೇ. ಹುಡುಗ ಊರು ಹತ್ತಿ ಉರಿದ ಹಾಗೆ ಅಳತೊಡಗಿದ. ಅವನಮ್ಮ ಮೊದಲು ನಕ್ಕಳು, "ಎರಡೂ ನಿಂದೇ ಕಣೋ" ಅಂದಳು, ಬೇರೆ ಬಿಸ್ಕೆಟ್ಟು ತೆಗೆದು ಕೊಟ್ಟಳು, ಅದೂ ಬೇಡ. ಕೊನೆಗೆ ಸುತ್ತಲಿನವರ ಮುಖ ನೋಡಿ ನಾಚಿಕೆಯಾಗಿ "ಇಷ್ಟಕ್ಕೆಲ್ಲಾ ಯಾರಾದ್ರೂ ಅಳ್ತಾರಾ?" ಅಂತ ಗದರಿದಳು. ಅದರಲ್ಲಿ ತಪ್ಪೇನಿಲ್ಲ, ನಾವೆಲ್ಲ ಹೇಳುವ ಮಾತೇ. ನಾನೂ ನನ್ನ ಮಗನಿಗೆ ನೂರು ಸಲ ಹೇಳಿದ್ದೇನೆ. ಆದರೂ ಕಿವಿಗೆ ಬಿದ್ದ ಕೂಡಲೇ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ಬೆಳ್ಳೂರು ಕ್ರಾಸ್ ದಾಟಿದರೂ ಅದು ಹೋಗಲಿಲ್ಲ.

ನಮ್ಮ ಮನೆಯಲ್ಲಿ ಈ ಮಾತು ಒಬ್ಬಳಿಗೇ ಮೀಸಲಾಗಿತ್ತು. ನನ್ನ ತಂಗಿಗೆ. ಇಷ್ಟಕ್ಕೆಲ್ಲಾ ಊಟ ಬಿಡ್ತಾರಾ, ಇಷ್ಟಕ್ಕೆಲ್ಲಾ ಮಾತು ಬಿಡ್ತಾರಾ, ಇಷ್ಟಕ್ಕೆಲ್ಲಾ ಬಾಗಿಲು ಹಾಕ್ಕೊಳ್ತಾರಾ. ಅವಳಿಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಇದೆ, ಭಾವನೆಗಳು ತಡೆಯಲಾಗದಷ್ಟು ಜೋರಾಗಿ ಏರಿ ಇಳಿಯುವ ಒಂದು ಮಾನಸಿಕ ಕಾಯಿಲೆ. ಈ ಬರಹ ಹಾಕುವ ಮುಂಚೆ ಅವಳಿಗೆ ಓದಲು ಕೊಟ್ಟೆ. ಎರಡು ಪ್ಯಾರಾ ಹೊಡೆದು ಹಾಕಿದಳು. ಒಂದು ಕಡೆ "ಇಲ್ಲಿ ನೀನು ತುಂಬಾ ಒಳ್ಳೆಯವಳ ಥರ ಕಾಣ್ತಿದೀಯ" ಅಂತ ಬರೆದಳು. ಸರಿಮಾಡಿದ್ದೇನೆ. ಇಲ್ಲಿ ಅವಳನ್ನು ಪುಟ್ಟಿ ಅಂತ ಕರೆಯುತ್ತೇನೆ.

ಮಡಚಿದ ಎಲೆ

ನನ್ನ ಮದುವೆಯಾದ ಮೇಲಿನ ಮೊದಲ ಗೌರಿ ಹಬ್ಬ. ಗಂಡನ ಜೊತೆ ತವರಿಗೆ ಹೋಗಿದ್ದೆ. ಪುಟ್ಟಿಗೆ ಆಗ ಹತ್ತೊಂಬತ್ತು. ಬೆಳಿಗ್ಗೆ ಐದಕ್ಕೇ ಎದ್ದು, ಅಮ್ಮನನ್ನು ಒಲೆ ಹತ್ತಿರ ಬಿಡದೆ, ಹೂರಣ ರುಬ್ಬಿ ಒಬ್ಬಟ್ಟು ಅವಳೇ ತಟ್ಟಿದ್ದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತೆವು. ಅಮ್ಮ ಅಳಿಯನ ಎಲೆಗೆ ಒಬ್ಬಟ್ಟು ಹಾಕುತ್ತಾ, ಸುಮ್ನೆ ತಮಾಷೆಗೆ, "ದೊಡ್ಡವಳು ತಟ್ಟಿದ್ರೆ ಇನ್ನೂ ತೆಳ್ಳಗೆ ಬರ್ತಿತ್ತು" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪುಟ್ಟಿಯ ಕೈ ತುತ್ತಿನ ಹತ್ತಿರವೇ ನಿಂತಿತು. ಮುಖದಲ್ಲಿ ರಕ್ತವೇ ಇಲ್ಲದ ಹಾಗೆ ಬಿಳಿಚಿಕೊಂಡಳು. ಬಡಿಸಿದ್ದೆಲ್ಲ ಇರುವಾಗಲೇ ಎಲೆ ಮಡಚಿ ಎದ್ದು ಹೋದಳು. ಹಬ್ಬದ ದಿನ, ಹೊಸ ಅಳಿಯನ ಮುಂದೆ, ಅರ್ಧ ಊಟದಲ್ಲಿ ಎಲೆ ಮಡಚುವುದು ಅಂದರೆ ಏನು ಅಂತ ನಿಮಗೆ ಗೊತ್ತಲ್ಲ. "ಇಷ್ಟಕ್ಕೆಲ್ಲಾ!" ಅಂದರು ದೊಡ್ಡಮ್ಮ. ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿಸಿತು. ಆಮೇಲೆ ಸಣ್ಣಗೆ ಅಳುವ ಸದ್ದು.

ಯಾರೂ ಏಳಲಿಲ್ಲ. ಪಾಯಸ ಬಂತು, ಮೊಸರು ಬಂತು. ಅಪ್ಪ ಅಳಿಯನ ಹತ್ತಿರ ಮಳೆ, ಶುಂಠಿ ರೇಟು ಅಂತ ಮಾತಾಡಿದರು. ಹೀಗೆ ಅರ್ಧ ಗಂಟೆ. ಆಮೇಲೆ ಒಳಗೆ ಕನ್ನಡಿ ಒಡೆಯಿತು. ಆಗ ಎಲ್ಲರೂ ಎಂಜಲು ಕೈಯಲ್ಲೇ ಓಡಿದೆವು.

ಅವತ್ತು ಹೆಚ್ಚೇನೂ ಆಗಲಿಲ್ಲ. ಸಂಜೆ ಆರಕ್ಕೆ ಪುಟ್ಟಿ ಮುಖ ತೊಳೆದು ಜಗಲಿಗೆ ಬಂದು ನನ್ನ ಗಂಡನ ಜೊತೆ ನಗುತ್ತಾ ಕೂತಿದ್ದಳು. ಮಧ್ಯಾಹ್ನದ ಹುಡುಗಿಯೇ ಬೇರೆ, ಇವಳೇ ಬೇರೆ. ನಮಗೆ ತಿಳಿಯದೆ ಇದ್ದದ್ದು ಇದೇ. ನಿಜವಾಗಿ ನೋವಾಗಿದ್ದರೆ ಇಷ್ಟು ಬೇಗ ನಗು ಹೇಗೆ ಬರುತ್ತದೆ? ಹಾಗಾದರೆ ಮಧ್ಯಾಹ್ನದ್ದು ನಾಟಕ. ನಾವು ಹಾಗೆಯೇ ಲೆಕ್ಕ ಹಾಕಿದ್ದು. ಆ ರಾತ್ರಿ ಅವಳಿಂದ ಮೆಸೇಜು ಬಂತು, ನೀನಿಲ್ಲದೆ ನನಗೆ ಯಾರೂ ಇಲ್ಲ ಅಕ್ಕ ಅಂತ. ಎರಡು ದಿನ ಬಿಟ್ಟು ಇನ್ನೊಂದು, ನಿನ್ನ ಮುಖ ನೋಡಲ್ಲ ಅಂತ. ಮಧ್ಯೆ ನಾನು ಮಾಡಿದ್ದು ಒಂದೇ, ಆಫೀಸಿನಲ್ಲಿ ಮೀಟಿಂಗ್ ಇತ್ತು ಅಂತ ಫೋನು ಎತ್ತಿರಲಿಲ್ಲ. ಫೋನಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವಳ ಜೊತೆ ಮಾತು ಮುಗಿಸುವುದೇ ಒಂದು ಯುದ್ಧವಾಗಿತ್ತು. "ಇನ್ನೊಂದ್ನಿಮಿಷ ಅಕ್ಕ, ಇಡಬೇಡ." ಅವಳಾಗಿ ಯಾವತ್ತೂ ಇಡುತ್ತಿರಲಿಲ್ಲ. ನಾನು ಇಟ್ಟರೆ ಬಿಟ್ಟುಹೋದ ಹಾಗೆ.

ಯಾವ ಬಾರ್ಡರ್ರು?

ಅಲ್ಲಿಂದ ಮುಂದೆ ಆರು ವರ್ಷ. ತಾಯತ, ಹರಕೆ, ಥೈರಾಯ್ಡ್ ಪರೀಕ್ಷೆ, ಮದುವೆ ಮಾಡಿದ್ರೆ ಎಲ್ಲಾ ಸರಿಹೋಗತ್ತೆ ಅನ್ನುವವರ ಸಾಲು. ಒಬ್ಬ ಡಾಕ್ಟರು ಬೈಪೋಲಾರ್ ಅಂದರು. ದಿನಕ್ಕೆ ಐದು ಮಾತ್ರೆ, ತೂಕ ಹನ್ನೆರಡು ಕೆಜಿ ಏರಿತು, ಎಲೆ ಮಡಚುವುದು ಮಾತ್ರ ನಿಲ್ಲಲಿಲ್ಲ. ಈ ಎರಡು ಕಾಯಿಲೆಗಳನ್ನು ಅದಲುಬದಲು ಮಾಡುವುದು ಸಾಮಾನ್ಯವಂತೆ, ಒಬ್ಬರಿಗೇ ಎರಡೂ ಇರುವುದೂ ಉಂಟು. ಆದರೆ ಬೈಪೋಲಾರ್‌ನಲ್ಲಿ ಮನಸ್ಸಿನ ಏರಿಳಿತ ದಿನಗಟ್ಟಲೆ, ವಾರಗಟ್ಟಲೆ ಇರುತ್ತದೆ. ಪುಟ್ಟಿಯ ಕಾಯಿಲೆಯಲ್ಲಿ ಗಂಟೆಗಳ ಲೆಕ್ಕ, ಮತ್ತೆ ಹೆಚ್ಚಾಗಿ ಮುಂಚೆ ಯಾರದೋ ಒಂದು ಮಾತು, ಎತ್ತದ ಒಂದು ಫೋನು, ಬದಲಾದ ಒಂದು ದನಿ ಇದ್ದೇ ಇರುತ್ತದೆ. ಬೆಂಗಳೂರಿನಲ್ಲಿ ಒಬ್ಬ ಡಾಕ್ಟರು ಒಂದು ಗಂಟೆ ಕೂತು ಇದನ್ನೇ ಕೇಳಿದರು. ಎಷ್ಟು ಹೊತ್ತು ಇರುತ್ತೆ? ಅದಕ್ಕೆ ಮುಂಚೆ ಏನಾಗಿತ್ತು? ಒಳಗೆ ಖಾಲಿ ಖಾಲಿ ಅನ್ನಿಸುತ್ತಾ? ಕೊನೆಯ ಪ್ರಶ್ನೆಗೆ ಪುಟ್ಟಿ ತಲೆ ಎತ್ತಿ ನೋಡಿದ್ದು ನನಗೆ ಇವತ್ತಿಗೂ ನೆನಪಿದೆ. ಯಾರೋ ಮೊದಲ ಸಲ ಅವಳ ಮನೆ ವಿಳಾಸ ಸರಿಯಾಗಿ ಹೇಳಿದ ಹಾಗೆ.

ಹೆಸರು ಕೇಳಿ ಅಮ್ಮ, "ಬಾರ್ಡರ್ ಅಂದ್ರೆ? ಇನ್ನೂ ಅಂಚಲ್ಲಿದೆ, ಜಾಸ್ತಿ ಆಗಿಲ್ಲ ಅಂತಾನಾ?" ಅಂತ ಕೇಳಿದಳು. ಸಕ್ಕರೆ ಕಾಯಿಲೆ ಬಾರ್ಡರಲ್ಲಿದೆ ಅಂತಾರಲ್ಲ, ಹಾಗೆ. ಪಾಪ, ತಪ್ಪು ಅವಳದಲ್ಲ, ಹೆಸರಿನದು. 1938ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ತಮ್ಮ ಕೆಲವು ರೋಗಿಗಳು ಅತ್ತ ನ್ಯೂರೋಸಿಸ್ಸೂ (ಆತಂಕದಂಥ ತೊಂದರೆ) ಅಲ್ಲದ ಇತ್ತ ಸೈಕೋಸಿಸ್ಸೂ (ವಾಸ್ತವದ ಅರಿವೇ ತಪ್ಪುವುದು) ಅಲ್ಲದ ಗಡಿಯಲ್ಲಿದ್ದಾರೆ ಅಂತ ಈ ಪದ ಬಳಸಿದರು. ಆ ತಿಳಿವಳಿಕೆ ಹಳತಾಯಿತು, ಹೆಸರು ಉಳಿಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಡಿಎಸ್ಎಂ ಕೈಪಿಡಿಗೆ ಸೇರಿತು. ಅದರ ಪ್ರಕಾರ ಈಗ ಒಂಬತ್ತು ಲಕ್ಷಣಗಳಲ್ಲಿ ಐದಿದ್ದರೆ ಸಾಕು. ಕೂತು ಲೆಕ್ಕ ಹಾಕಿದರೆ ಐದು ಅಥವಾ ಅದಕ್ಕಿಂತ ಜಾಸ್ತಿ ಕೂಡಿಸಲು 256 ದಾರಿಗಳಿವೆ. ಅಂದರೆ ಒಂದೇ ಹೆಸರಿನ ಇಬ್ಬರು ರೋಗಿಗಳು ಒಬ್ಬರಿಗೊಬ್ಬರು ಅಷ್ಟೇನೂ ಹೋಲದೆ ಇರಬಹುದು. ಯೂಟ್ಯೂಬಿನಲ್ಲಿ ಹತ್ತು ನಿಮಿಷ ನೋಡಿ ಅತ್ತಿಗೆಗೋ ಮಾಜಿ ಪ್ರೇಯಸಿಗೋ ಈ ಹೆಸರು ಅಂಟಿಸುವವರು ಇದನ್ನು ನೆನಪಿಡಬೇಕು.

ಹೆಸರಿನ ಇನ್ನೊಂದು ಪದ ಪುಟ್ಟಿಗೆ ಚುಚ್ಚಿತು. ಕನ್ನಡದಲ್ಲಿ ಇದನ್ನು ವ್ಯಕ್ತಿತ್ವ ದೋಷ, ವ್ಯಕ್ತಿತ್ವ ವಿಕಾರ ಅಂತೆಲ್ಲ ಬರೆಯುತ್ತಾರೆ. ಆಟೋದಲ್ಲಿ ವಾಪಸ್ ಬರುವಾಗ ಕೇಳಿದಳು. "ಅಕ್ಕಾ, ಬೇರೆಯವರಿಗೆ ಕಾಯಿಲೆ ಬರತ್ತೆ. ನಂಗೆ ನಾನೇ ಕಾಯಿಲೇನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಡೈರಿ ಸರ್ಕಲ್ ಸಿಗ್ನಲ್ಲಿನಲ್ಲಿ ಹೊಗೆ ಕುಡಿಯುತ್ತಾ ಕೂತಿದ್ದೆವು.

ಮೆಲ್ಲಗೆ ಹೇಳಿದ್ದು, ಕಿರುಚಿ ಹೇಳಿದ್ದು

ಈ ಕಾಯಿಲೆಗೆ ಡಿಬಿಟಿ ಅನ್ನುವ ಚಿಕಿತ್ಸೆ ರೂಪಿಸಿದವರು ಅಮೆರಿಕದ ಮಾರ್ಷಾ ಲಿನೆಹನ್. ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಅಂತ ಪೂರ್ತಿ ಹೆಸರು. ಅದು ಕೆಲಸ ಮಾಡುತ್ತದೆ ಅಂತ ತೋರಿಸಿದ ಅವರ ಮೊದಲ ಅಧ್ಯಯನ 1991ರಲ್ಲಿ ಬಂತು. ಅದಾಗಿ ಇಪ್ಪತ್ತು ವರ್ಷದ ಮೇಲೆ, 2011ರಲ್ಲಿ, ಅವರು ಕನೆಕ್ಟಿಕಟ್‌ನ ಒಂದು ಮಾನಸಿಕ ಆಸ್ಪತ್ರೆಯಲ್ಲಿ ವೇದಿಕೆ ಹತ್ತಿ, 1961ರಲ್ಲಿ ಹದಿನೇಳರ ಹುಡುಗಿಯಾಗಿ ತಾನೇ ಇಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ರೋಗಿಯಾಗಿದ್ದೆ ಅಂತ ಹೇಳಿದರು. ಆಗ ಅವರಿಗೆ ಸ್ಕಿಝೋಫ್ರೀನಿಯಾ ಅಂದಿದ್ದರು. ಕೋಣೆಯಲ್ಲಿ ಒಂಟಿಯಾಗಿ ಕೂಡಿ ಹಾಕಿದ್ದರು, ಕರೆಂಟ್ ಕೊಟ್ಟಿದ್ದರು. ಇದನ್ನು ಪುಟ್ಟಿಗೆ ಹೇಳಿದಾಗ ಅವಳು ಮೊದಲು ಕೇಳಿದ್ದು "ಅವ್ರಿಗೆ ಈಗೆಷ್ಟು ವಯಸ್ಸು?" ಅಂತ. ಇಷ್ಟು ವರ್ಷ ಬದುಕಿರಬಹುದು ಅನ್ನುವುದೇ ಅವಳಿಗೆ ದೊಡ್ಡ ಸುದ್ದಿಯಾಗಿತ್ತು.

ಲಿನೆಹನ್ ಈ ಜನರನ್ನು ಮೈಯೆಲ್ಲ ಸುಟ್ಟವರಿಗೆ ಹೋಲಿಸುತ್ತಾರೆ. ಚರ್ಮವೇ ಇಲ್ಲದ ಮೇಲೆ ಗಾಳಿ ತಾಗಿದರೂ ಉರಿ. ಈ ಹೋಲಿಕೆ ನನಗೆ ಬೇಗ ಅರ್ಥವಾಯಿತು. ಆದರೆ ನಿದ್ದೆಗೆಡಿಸಿದ್ದು ಅವರ ಇನ್ನೊಂದು ಮಾತು. ಈ ಕಾಯಿಲೆ ಬರುವುದು ಎರಡು ಸೇರಿದಾಗ ಅಂತಾರೆ. ಒಂದು, ಹುಟ್ಟಿನಿಂದಲೇ ಬಂದ ಅತಿ ಸೂಕ್ಷ್ಮ ಮನಸ್ಸು. ಇನ್ನೊಂದು, ಆ ಮನಸ್ಸಿಗೆ ಅನ್ನಿಸಿದ್ದನ್ನು ಸುಳ್ಳು ಅನ್ನುವ ಪರಿಸರ. ದೌರ್ಜನ್ಯವೇ ಆಗಬೇಕಿಲ್ಲ. ಎಷ್ಟೋ ಜನರ ವಿಷಯದಲ್ಲಿ ಅದೂ ಇರುತ್ತದೆ, ನಮ್ಮ ಮನೆಯಲ್ಲಿ ಇರಲಿಲ್ಲ. ನಮ್ಮಲ್ಲಿ ಇದ್ದದ್ದು ಬರೀ "ಇಷ್ಟಕ್ಕೆಲ್ಲಾ". ಚಳಿ ಆಗ್ತಿದೆ ಅಂದರೆ ಎಲ್ಲಿ ಚಳಿ, ಬೇಜಾರು ಅಂದರೆ ಏನು ಕೊರತೆ ಆಗಿದೆ ನಿಂಗೆ, ಭಯ ಅಂದರೆ ದೊಡ್ಡ ಹುಡುಗಿ ನೀನು. ಹೀಗೆ ಕೇಳುತ್ತಾ ಬೆಳೆದ ಸೂಕ್ಷ್ಮ ಮನಸ್ಸಿನ ಮಗುವಿಗೆ ತನ್ನೊಳಗೆ ಆಗುತ್ತಿರುವುದು ಏನು, ಅದರ ಹೆಸರೇನು ಅಂತ ತಿಳಿಯುವುದೇ ಇಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೆಲ್ಲಗೆ ಹೇಳಿದಾಗ ಯಾರೂ ಕೇಳುವುದಿಲ್ಲ, ಕಿರುಚಿದಾಗ ಎಲ್ಲರೂ ಓಡಿ ಬರುತ್ತಾರೆ. ಗೌರಿ ಹಬ್ಬದ ದಿನ ಅರ್ಧ ಗಂಟೆ ಸಣ್ಣಗೆ ಅತ್ತಾಗ ನಾವು ಪಾಯಸ ತಿನ್ನುತ್ತಿದ್ದೆವು. ಕನ್ನಡಿ ಒಡೆದಾಗ ಓಡಿದೆವು. ಗಮನ ಸೆಳೆಯೋಕೆ ಮಾಡ್ತಾಳೆ ಅಂತ ಎಲ್ಲರಿಗೂ ಹೇಳುತ್ತಿದ್ದೆವು. ಬೇರೆ ಹೇಗೆ ಕರೆದರೆ ನಾವು ಎದ್ದು ಹೋಗುತ್ತಿದ್ದೆವು ಅಂತ ಒಬ್ಬರೂ ಕೇಳಿಕೊಂಡಿರಲಿಲ್ಲ.

ಹಾಗಂತ ಎಲ್ಲ ತಪ್ಪನ್ನೂ ಅಮ್ಮನ ತಲೆಗೆ ಕಟ್ಟುವುದೂ ನನಗೆ ಒಪ್ಪಿಗೆಯಿಲ್ಲ. ಅವಳಿಗೂ ಅವಳಮ್ಮ ಹೇಳಿದ್ದು ಇದೇ ಮಾತು. ನಾನೂ ಅದೇ ಮನೆಯಲ್ಲಿ ಅದೇ ಮಾತು ಕೇಳಿ ಬೆಳೆದೆ, ನನಗೆ ಅದು ಚರ್ಮದ ಮೇಲೆ ಬಿದ್ದು ಜಾರಿ ಹೋಯಿತು. ಅವಳಿಗೆ ಒಳಗಿಳಿಯಿತು. ಅವಳಿ ಮಕ್ಕಳನ್ನು ನೋಡಿ ಮಾಡಿದ ಅಧ್ಯಯನಗಳು ಹೆಚ್ಚುಕಡಿಮೆ ಅರ್ಧ ಪಾಲು ವಂಶವಾಹಿಯದ್ದು ಅನ್ನುತ್ತವೆ. ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಸಮಾಧಾನ ಮಾಡಿಕೊಳ್ಳುವ ಬದಲು "ಅಂದ್ರೆ ಅದೂ ನನ್ನಿಂದಾನೇ ಬಂದಿದ್ದಾ?" ಅಂದಳು. ಅಮ್ಮಂದಿರನ್ನು ಗೆಲ್ಲಕ್ಕಾಗಲ್ಲ.

ಒಂದು ರಾತ್ರಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಪುಟ್ಟಿಯನ್ನು ತುರ್ತು ಚಿಕಿತ್ಸೆಗೆ ಕರೆದುಕೊಂಡು ಓಡಿದ ಎರಡನೇ ಸಲ, ಒಂದು ಆಸ್ಪತ್ರೆಯ ನರ್ಸು ಬ್ಯಾಂಡೇಜು ಕಟ್ಟುತ್ತಾ "ಈ ಸಲ ಏನಕ್ಕಮ್ಮಾ? ಬಾಯ್‌ಫ್ರೆಂಡಾ?" ಅಂತ ನಕ್ಕರು. ಪೊಲೀಸು, ಕೇಸು ಅಂತ ಇನ್ನೊಬ್ಬರು ಹೆದರಿಸಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಬಂದ ಮೇಲೆ, ಪ್ರಾಣ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡುವ ಹಾಗಿಲ್ಲ. ಆ ಹೊತ್ತಿನಲ್ಲಿ ನನಗೆ ಅದು ಗೊತ್ತಿರಲಿಲ್ಲ, ನಿಮಗೆ ಗೊತ್ತಿರಲಿ. ಟೆಲಿ ಮಾನಸ್ ನಂಬರ್ 14416 ಕೂಡ ಗೊತ್ತಿರಲಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಾಟಕ ಮಾಡ್ತಾರೆ ಅಂತ ನಾವು ಅಂದುಕೊಳ್ಳುವ ಈ ಕಾಯಿಲೆಯಲ್ಲಿ ನಿಜವಾಗಿಯೂ ಜನ ಸಾಯುತ್ತಾರೆ. ಆ ನರ್ಸು ಕೆಟ್ಟವರಲ್ಲ, ದಣಿದಿದ್ದರು. ಆದರೆ ಅವರ ಪ್ರಶ್ನೆಯೂ ನಮ್ಮ ಮನೆಯ ಪ್ರಶ್ನೆಯೇ ಆಗಿತ್ತು.

ಸ್ಟೀಲ್ ಬೇಸಿನ್ನಿನಲ್ಲಿ ಮುಖ

ಚಿಕಿತ್ಸೆ ಅಂದರೆ ಸೋಫಾದಲ್ಲಿ ಕೂತು ಬಾಲ್ಯ ನೆನೆದು ಅಳುವುದು ಅಂತ ನನ್ನ ತಲೆಯಲ್ಲಿತ್ತು. ಡಿಬಿಟಿ ಹಾಗಿರಲಿಲ್ಲ. ಅದು ಟ್ಯೂಷನ್ ಥರ. ವಾರಕ್ಕೊಮ್ಮೆ ಒಬ್ಬರೇ ಥೆರಪಿಸ್ಟ್ ಜೊತೆ, ವಾರಕ್ಕೊಮ್ಮೆ ಗುಂಪಿನಲ್ಲಿ ಪಾಠ, ಹೋಂವರ್ಕು, ದಿನಾ ತುಂಬಬೇಕಾದ ಒಂದು ಹಾಳೆ. ಇವತ್ತು ಎಷ್ಟು ಸಿಟ್ಟು ಬಂತು, ಎಷ್ಟು ನಿದ್ದೆ ಮಾಡಿದೆ, ಏನು ಮಾಡಿಕೊಳ್ಳಬೇಕು ಅನ್ನಿಸಿತು, ಮಾಡಿಕೊಂಡೆಯಾ. ನಮಗೆ ಗಂಟೆಗೆ 1500 ರೂಪಾಯಿ, ಅದೂ ಇಂಗ್ಲಿಷಿನಲ್ಲಿ. ಹಾಸನದ ಹುಡುಗಿ ತನ್ನ ಅಳುವನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ ಆಮೇಲೆ ಹೇಳಬೇಕು. ಈ ಕಷ್ಟದ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ. ಡಿಬಿಟಿಯೊಂದೇ ದಾರಿ ಅಂತಲ್ಲ, ಬ್ರಿಟನ್ನಿನ ಬೇಟ್‌ಮನ್ ಮತ್ತು ಫೊನಗಿ ಕಟ್ಟಿದ ಎಂಬಿಟಿ ಅನ್ನುವ ಇನ್ನೊಂದು ಮಾತಿನ ಚಿಕಿತ್ಸೆ ಇದೆ, ಸ್ಕೀಮಾ ಥೆರಪಿ ಇದೆ. ನಮಗೆ ಸಿಕ್ಕಿದ್ದು ಇದು.

ಮಾತ್ರೆ? ಈ ಕಾಯಿಲೆಗೇ ಅಂತ ಒಪ್ಪಿಗೆ ಪಡೆದ ಔಷಧ ಇಲ್ಲ. ಜೊತೆಗೆ ಖಿನ್ನತೆಯೋ ನಿದ್ದೆಯ ತೊಂದರೆಯೋ ಇದ್ದರೆ ಅದಕ್ಕೆ ಕೊಡುತ್ತಾರೆ. ಹೊಸ ಡಾಕ್ಟರು ಐದು ಮಾತ್ರೆಗಳನ್ನು ಎಂಟು ತಿಂಗಳಲ್ಲಿ ನಿಧಾನವಾಗಿ ಒಂದಕ್ಕೆ ಇಳಿಸಿದರು. (ನೀವಾಗಿ ನಿಲ್ಲಿಸಬೇಡಿ, ದಯವಿಟ್ಟು.)

ಪುಟ್ಟಿ ಮೊದಲು ಕಲಿತದ್ದು ತಣ್ಣೀರು. ಒಳಗೆ ಬೆಂಕಿ ಎದ್ದಾಗ ತಣ್ಣಗಿನ ನೀರಿನಲ್ಲಿ ಉಸಿರು ಬಿಗಿಹಿಡಿದು ಮುಖ ಮುಳುಗಿಸಿ ಒಂದರ್ಧ ನಿಮಿಷ ಇರಬೇಕು. ನೀರಿಗೆ ಬಿದ್ದಿದ್ದೇನೆ ಅಂತ ದೇಹ ತಿಳಿದು ಎದೆಬಡಿತ ತಾನಾಗಿ ಇಳಿಯುತ್ತದೆ. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮಾಡಬಾರದು. ಒಂದು ರಾತ್ರಿ ಹನ್ನೊಂದಕ್ಕೆ ಅಮ್ಮ ನೀರು ಕುಡಿಯಲು ಎದ್ದರೆ ಅಡುಗೆಮನೆ ಕಟ್ಟೆಯ ಮೇಲೆ ಅಕ್ಕಿ ತೊಳೆಯುವ ಸ್ಟೀಲ್ ಬೇಸಿನ್, ಅದರಲ್ಲಿ ಐಸು, ಅದರಲ್ಲಿ ಪುಟ್ಟಿಯ ಮುಖ. ಅಮ್ಮ ಕಿರುಚಿಕೊಂಡಿದ್ದಕ್ಕೆ ಪಕ್ಕದ ಮನೆ ದೀಪ ಹತ್ತಿತು. ಪುಟ್ಟಿ ಮುಖ ಎತ್ತಿ, ನೀರು ತೊಟ್ಟಿಕ್ಕುತ್ತಾ, "ಅಮ್ಮಾ, ಹೋಂವರ್ಕು" ಅಂದಳಂತೆ. ಈಗಲೂ ನಮ್ಮ ಮನೆಯಲ್ಲಿ ಹೇಳಿಕೊಂಡು ನಗುತ್ತೇವೆ. ಅದರ ಮರುದಿನದಿಂದ ಫ್ರೀಜರಿನಲ್ಲಿ ಐಸ್ ಟ್ರೇ ತುಂಬಿಸಿಡುವುದು ಅಮ್ಮನ ಕೆಲಸವಾಯಿತು. ಅವಳು ಈ ಚಿಕಿತ್ಸೆಯಲ್ಲಿ ನಂಬಿಕೆ ಇಟ್ಟದ್ದು ಹಾಗೆ, ಮಾತಿನಲ್ಲಿ ಅಲ್ಲ.

ಇನ್ನೊಂದು ಕೆಲಸ ಇತ್ತು, ಸರಪಳಿ ಬಿಡಿಸುವುದು. ಏನಾದರೂ ಅನಾಹುತ ಆದರೆ ಥೆರಪಿಸ್ಟ್ ಜೊತೆ ಕೂತು ಒಂದೊಂದೇ ಕೊಂಡಿ ಹಿಂದಕ್ಕೆ ಹೋಗಬೇಕು. ಮನೆಯವರೂ ಬನ್ನಿ ಅಂತ ಒಂದು ದಿನ ಕರೆದಿದ್ದರು. ಹಳೆಯದೊಂದು ಆರಿಸಿಕೊಳ್ಳಿ ಅಂದರು ಮೇಡಂ. ಪುಟ್ಟಿ ಗೌರಿ ಹಬ್ಬ ಅಂದಳು. ಒಬ್ಬಟ್ಟಿನ ಮಾತಿಗೆ ಮುಂಚೆ? ಬೆಳಿಗ್ಗೆಯಿಂದ ಪೂಜೆ ಅಂತ ಏನೂ ತಿಂದಿರಲಿಲ್ಲ. ಅದಕ್ಕೆ ಮುಂಚೆ? ರಾತ್ರಿ ಮೂರು ಗಂಟೆ ನಿದ್ದೆ. ಅದಕ್ಕೆ ಮುಂಚೆ? ಕಾಲೇಜಿನ ಗೆಳತಿ ಒಂದು ವಾರದಿಂದ ಮಾತು ಬಿಟ್ಟಿದ್ದಳು. ಅದಕ್ಕೆ ಮುಂಚೆ? ಪುಟ್ಟಿ ಸುಮ್ಮನಾದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು. "ಅಕ್ಕ ಮದುವೆ ಆಗಿ ಹೋಗಿದ್ಲು. ರಾತ್ರಿ ಲೈಟ್ ಆರಿಸಿದ ಮೇಲೆ ಮಾತಾಡೋಕೆ ಯಾರೂ ಇರಲಿಲ್ಲ."

ಹತ್ತೊಂಬತ್ತು ವರ್ಷ ಒಂದೇ ಕೋಣೆಯಲ್ಲಿ ಮಲಗಿದ್ದೆವು. ನಾನು ಹೋದದ್ದನ್ನು ಮನೆಯಲ್ಲಿ ಎಲ್ಲರೂ ಶುಭಕಾರ್ಯದ ಲೆಕ್ಕಕ್ಕೆ ಬರೆದಿದ್ದರು. ಅವಳು ಅತ್ತರೆ, ನಾಳೆ ನೀನೂ ಹೋಗೋಳೇ ತಾನೆ ಅಂತ ನಕ್ಕಿದ್ದರು. ಹಬ್ಬದ ದಿನ ಅವಳು ಅಷ್ಟು ಬೇಗ ಎದ್ದು ಒಬ್ಬಟ್ಟು ತಟ್ಟಿದ್ದು ನಾನು ಬರುತ್ತೇನೆ ಅಂತ. ಆ ಒಬ್ಬಟ್ಟಿಗೇ ನನ್ನ ಹೋಲಿಕೆ ಬಂತು, ನಾನೂ ನಕ್ಕೆ. ಇದನ್ನೆಲ್ಲ ಕೂಡಿಸಿದರೆ ಅದು "ಇಷ್ಟು" ಆಗಿರಲಿಲ್ಲ.

ಅವತ್ತು ಮೇಡಂ ಅಮ್ಮನಿಗೆ ಒಂದೇ ಪಾಠ ಹೇಳಿದರು. ನೋವನ್ನು ಒಪ್ಪಿಕೊಳ್ಳೋದು ಬೇರೆ, ಮಾಡಿದ್ದಕ್ಕೆಲ್ಲ ಹೂಂ ಅನ್ನೋದು ಬೇರೆ. ಕನ್ನಡಿ ಒಡೆದದ್ದು ಸರಿ ಅನ್ನಬೇಕಿಲ್ಲ. ನಿನಗೆ ನೋವಾಗಿದೆ ಅಂತ ನನಗೆ ಕಾಣ್ತಿದೆ ಅಂದರೆ ಸಾಕು, ಮೊದಲು ಅದು, ಬುದ್ಧಿಮಾತು ಆಮೇಲೆ. ಅಮ್ಮನಿಗೆ ಇದು ನಾಲಿಗೆಗೆ ಬರಲು ಒಂದು ವರ್ಷ ಹಿಡಿಯಿತು. ಮೊದಮೊದಲು "ನಿಂಗೆ ಬೇಜಾರಾಗಿದೆ, ಗೊತ್ತಾಯ್ತು, ಆದ್ರೆ ಇಷ್ಟಕ್ಕೆ…" ಅಂತ ಶುರುಮಾಡಿ ತಾನೇ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಾನು ಏನು ಕಮ್ಮಿ ಅಂತಲ್ಲ. ಪುಟ್ಟಿ ಅತ್ತಾಗ ನನಗೆ ಅವಳ ಸಮಸ್ಯೆ ಬಿಡಿಸಿ ಕೊಟ್ಟು ಓಡುವ ಆತುರ. ಈಗ ರಾತ್ರಿ ಒಂಬತ್ತಕ್ಕೆ ನಾನು ಫೋನು ಮಾಡುತ್ತೇನೆ, ಇಪ್ಪತ್ತು ನಿಮಿಷ, ಅಷ್ಟೇ. ಆಫೀಸಿನ ಹೊತ್ತಿನಲ್ಲಿ ಎತ್ತುವುದಿಲ್ಲ ಅಂತ ಮೊದಲೇ ಹೇಳಿದ್ದೇನೆ. ಹೇಳಿದ ಹೊತ್ತಿಗೆ ಮಾಡುವುದು ಮಾತ್ರ ತಪ್ಪಿಸಬಾರದು. ಐದು ನಿಮಿಷ ತಡವಾದರೆ ಅವಳು ಈಗಲೂ ಗಡಿಯಾರ ನೋಡುತ್ತಾಳೆ, ಮುಚ್ಚಿಡುವುದಿಲ್ಲ.

ಬೋಸ್ಟನ್ ಹತ್ತಿರದ ಮ್ಯಾಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಝನಾರಿನಿ ಮತ್ತು ಅವರ ತಂಡ 290 ರೋಗಿಗಳ ಹಿಂದೆ ಬಿದ್ದು ವರ್ಷಗಟ್ಟಲೆ ನೋಡಿದರು. ಹತ್ತು ವರ್ಷದಲ್ಲಿ 93 ಶೇಕಡಾ ಜನರಲ್ಲಿ ಕಾಯಿಲೆಯ ಲಕ್ಷಣಗಳು ಕಡಿಮೆಯಾಗಿ ಕನಿಷ್ಠ ಎರಡು ವರ್ಷ ಹಾಗೇ ಇದ್ದವು. ಇದು ಜೀವನಪೂರ್ತಿ ಹೀಗೇ ಅಂತ ನಮಗೆ ಹೇಳಿದವರೆಲ್ಲ ತಪ್ಪು. ಆದರೆ ಅದೇ ಅಧ್ಯಯನದಲ್ಲಿ, ಲಕ್ಷಣ ಇಳಿದು ಕೆಲಸವೂ ಸ್ನೇಹವೂ ಸರಿಯಾಗಿ ಇದ್ದವರು ಅರ್ಧದಷ್ಟೇ. ಈ ಎರಡು ಅಂಕಿಗಳ ಮಧ್ಯದ ಜಾಗದಲ್ಲಿ ಪುಟ್ಟಿ ಈಗ ಇದ್ದಾಳೆ. ಕೈ ಕೊಯ್ದುಕೊಂಡು ಮೂರು ವರ್ಷದ ಮೇಲಾಯಿತು. ಆದರೆ ಹೋದ ವರ್ಷವೂ ಒಂದು ಕೆಲಸ ಬಿಟ್ಟಳು, ಒಬ್ಬ ಗೆಳತಿಯನ್ನು ಒಂದೇ ಸಂಜೆಯಲ್ಲಿ ಕಳೆದುಕೊಂಡಳು. ಈಗ ಒಂದು ಟೈಲ್ಸ್ ಅಂಗಡಿಯಲ್ಲಿ ಬಿಲ್ಲಿಂಗ್ ಮಾಡುತ್ತಾಳೆ. ಹನ್ನೊಂದು ತಿಂಗಳಾಯಿತು. ಅವಳ ಮಟ್ಟಿಗೆ ದಾಖಲೆ.

ಬಸ್ಸಿನಲ್ಲಿ ಅವತ್ತು ಒಂಬತ್ತರವರೆಗೆ ಕಾಯಲಿಲ್ಲ, ನಾನೇ ಫೋನು ಮಾಡಿ ಬಿಸ್ಕೆಟ್ಟಿನ ಹುಡುಗನ ಕತೆ ಹೇಳಿದೆ.

"ಆಮೇಲೆ?"

"ಕುಣಿಗಲ್ ಹತ್ರ ಮಲಗಿಬಿಟ್ಟ ಕಣೆ."

"ಬಿಸ್ಕೆಟ್ಟು?"

"ಎರಡು ತುಂಡೂ ಕೈಯಲ್ಲೇ ಇತ್ತು."

ಸ್ವಲ್ಪ ಹೊತ್ತು ಆ ಕಡೆ ಟೈಲ್ಸ್ ಇಳಿಸುವ ಸದ್ದಷ್ಟೇ. ಆಮೇಲೆ, "ಅಕ್ಕಾ, ಲೋಡ್ ಬಂದಿದೆ, ಬಿಲ್ ಹಾಕ್ಬೇಕು. ಇಡ್ತೀನಿ" ಅಂದಳು. ಇಟ್ಟಳು.